ಮೊದಲು ನೆರಳು, ಆಮೇಲೆ ಕಂಟೇನರ್

ಬಿಳಿಚೋಡು ಹೋಬಳಿಯಲ್ಲಿ ಹೊಲದ ಮನೆ ಕಟ್ಟಲು ಹೊರಟಿರುವ ತರುಣ ತರುಣಿಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ,

ನಿಮ್ಮಲ್ಲಿ ಹಲವರು ಬೆಂಗಳೂರಿನಲ್ಲಿ ದುಡಿದು ನಾಲ್ಕು ಕಾಸು ಕೂಡಿಟ್ಟಿದ್ದೀರಿ. ಊರಿಗೆ ಮರಳಬೇಕು, ಅಪ್ಪನ ಹೊಲದಲ್ಲೇ ಒಂದು ಮನೆ ಮಾಡಿಕೊಂಡು ಮೆಕ್ಕೆಜೋಳವನ್ನೋ ಈರುಳ್ಳಿಯನ್ನೋ ನೋಡಿಕೊಂಡಿರಬೇಕು ಎಂಬ ಆಸೆ ನಿಮ್ಮದು. ಊರು ಬಿಟ್ಟು ಹೋಗುವವರನ್ನೇ ನೋಡಿಕೊಂಡು ಬಂದ ನಮ್ಮ ಜಗಳೂರು ಸೀಮೆಗೆ ಮರಳಿ ಬರುವವರು ಬೇಕು. ಹಾಗಾಗಿ ನಿಮ್ಮ ಮನೆಯ ವಿಚಾರ ನನಗೂ ಮುಖ್ಯ. ಈಚೆಗೆ ನಿಮ್ಮಲ್ಲಿ ಕೆಲವರು ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ಕಂಟೇನರ್ ಮನೆ ತಂದು ಇಳಿಸಿಬಿಟ್ಟರೆ ಹೇಗೆ? ಒಂದೇ ವಾರದಲ್ಲಿ ಮನೆ ರೆಡಿ ಅಂತಾರೆ." ಸಿವಿಲ್ ಕೆಲಸವನ್ನೇ ನಂಬಿ ಬದುಕಿದ, ಇದೇ ಸೀಮೆಯ ನಾನು ಆ ಪ್ರಶ್ನೆಗೆ ಎಲ್ಲರ ಎದುರಿಗೇ ಉತ್ತರ ಕೊಡಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೇ. ನಮ್ಮ ಬಿಸಿಲಿನ ನಾಡಿನಲ್ಲಿ ಮನೆಯ ಜೀವ ಇರುವುದು ಸೂರಿನಲ್ಲಿ. ಕಂಟೇನರ್‌ಗೆ ಇರುವುದು ಬರೀ ಮುಚ್ಚಳ. ಆ ಮುಚ್ಚಳದ ಮೇಲೆ ಬೇರೊಂದು ದೊಡ್ಡ ಸೂರು ಕಟ್ಟುವ ತಯಾರಿ ಇದ್ದವರು ಕಂಟೇನರ್ ತರಲಿ. ಆ ಸೂರು ನಿಮಗೆ ನೆರಳು ಕೊಡುತ್ತದೆ, ವರ್ಷವಿಡೀ ಕುಡಿಯುವ ನೀರನ್ನೂ ಕೊಡುತ್ತದೆ. ಅಷ್ಟಕ್ಕೆ ದುಡ್ಡು ಸಾಲದಿದ್ದರೆ ಕಂಟೇನರ್ ಆಸೆ ಬಿಡಿ. ಅದೇ ದುಡ್ಡಿನಲ್ಲಿ ಕಟ್ಟಬಹುದಾದ ಮನೆ ಬೇರೆ ಇದೆ, ಅದನ್ನೂ ಹೇಳುತ್ತೇನೆ.

ಮೊದಲು ಈ ಪೆಟ್ಟಿಗೆಯ ಗುಣ ತಿಳಿದುಕೊಳ್ಳಿ. 1956ರ ಏಪ್ರಿಲ್ 26ರಂದು, ಲಾರಿ ಉದ್ಯಮದಿಂದ ಬಂದ ಅಮೆರಿಕದ ಮಾಲ್ಕಮ್ ಮೆಕ್ಲೀನ್, 'ಐಡಿಯಲ್ ಎಕ್ಸ್' ಎಂಬ ಹಡಗಿನಲ್ಲಿ 58 ಕಂಟೇನರ್‌ಗಳನ್ನು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಸಾಗಿಸಿದರು. ಸರಕನ್ನು ಮೂಟೆ ಮೂಟೆಯಾಗಿ ಹಡಗಿಗೆ ಹೊರುವ ಕಾಲ ಅಲ್ಲಿಂದ ಮುಗಿಯುತ್ತಾ ಬಂತು. ಮುಂದೆ ಅದರ ಅಳತೆ ಲೋಕಕ್ಕೆಲ್ಲ ಒಂದೇ ಆಯಿತು: ಅಗಲ 8 ಅಡಿ, ಉದ್ದ 20 ಅಥವಾ 40 ಅಡಿ, ಎತ್ತರ ಎಂಟೂವರೆ ಅಡಿ. 'ಹೈ ಕ್ಯೂಬ್' ಎನ್ನುವ ಜಾತಿಯದಾದರೆ ಎತ್ತರ ಒಂಬತ್ತೂವರೆ ಅಡಿ. 20 ಅಡಿಯ ಖಾಲಿ ಕಂಟೇನರ್ ಸುಮಾರು ಎರಡೂಕಾಲು ಟನ್ ತೂಗುತ್ತದೆ, 40 ಅಡಿಯದು ಹತ್ತಿರ ಹತ್ತಿರ ನಾಲ್ಕು ಟನ್. ನಮ್ಮ ದಾವಣಗೆರೆ ಬೈಪಾಸಿನಲ್ಲಿ, ಹೆದ್ದಾರಿ 48ರ ಮೇಲೆ ಹಗಲೂ ರಾತ್ರಿ ಓಡಾಡುವುದು ಇವೇ.

ಅದರ ಬಲ ಎಲ್ಲಿದೆ ಎಂಬುದನ್ನು ನೀವು ನೆನಪಿಟ್ಟುಕೊಳ್ಳಬೇಕು. ಹಡಗಿನಲ್ಲಿ ತುಂಬಿದ ಕಂಟೇನರ್‌ಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಅಷ್ಟು ಭಾರ ಹೊರುವುದು ನಾಲ್ಕು ಮೂಲೆಯ ಕಂಬಗಳು ಮಾತ್ರ. ಗೋಡೆ ಎರಡು ಮಿಲಿಮೀಟರ್ ದಪ್ಪದ, ಮಡಿಕೆ ಮಡಿಕೆಯ ಉಕ್ಕಿನ ತಗಡು. ಆ ಮಡಿಕೆಗಳೇ ಪೆಟ್ಟಿಗೆ ಓಲಾಡದಂತೆ ಹಿಡಿದಿಡುತ್ತವೆ. ಮೇಲಿನ ತಗಡಂತೂ ಭಾರ ಹೊರುವುದಕ್ಕೆ ಮಾಡಿದ್ದೇ ಅಲ್ಲ. ಆದ್ದರಿಂದ ಕಿಟಕಿಗೆ, ಬಾಗಿಲಿಗೆ ಗೋಡೆ ಕೊಯ್ದಾಗೆಲ್ಲ ಸುತ್ತ ಕಬ್ಬಿಣದ ಚೌಕಟ್ಟು ಕೂರಿಸಿ ಬಲ ಕೊಡಬೇಕು. ಎರಡು ಕಂಟೇನರ್ ಜೋಡಿಸಿ ನಡುವಿನ ಗೋಡೆ ತೆಗೆದರೆ ಅಲ್ಲಿಗೆ ಉಕ್ಕಿನ ತೊಲೆ ಬೇಕು. ತಂಪಾಗಲಿ ಎಂದು ಮೇಲೆ ಮಣ್ಣು ಹಾಕುವುದಾಗಲಿ, ನೆಲದಲ್ಲಿ ಹೂಳುವುದಾಗಲಿ ಖಂಡಿತ ಬೇಡ. ಹಾಗೆ ಮಾಡಿದರೆ ತಗಡು ಒಳಕ್ಕೆ ಕುಸಿಯುತ್ತದೆ.

ಇದನ್ನು ಮನೆಯಾಗಿಸುವ ಯೋಚನೆ ಹೊಸದೇನೂ ಅಲ್ಲ. 1987ರಲ್ಲೇ ಫಿಲಿಪ್ ಕ್ಲಾರ್ಕ್ ಎಂಬ ಅಮೆರಿಕದವರು ಈ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು, 1989ರಲ್ಲಿ ಅದು ಅವರಿಗೆ ಸಿಕ್ಕಿತು. 2001ರಲ್ಲಿ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 'ಕಂಟೇನರ್ ಸಿಟಿ' ಎದ್ದಿತು. 2006ರ ಹೊತ್ತಿಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸುಮಾರು ಸಾವಿರ ಕೋಣೆಗಳ ವಿದ್ಯಾರ್ಥಿ ವಸತಿಯೇ ಹೀಗೆ ತಯಾರಾಯಿತು. ಮೊಬೈಲಿನಲ್ಲಿ ಅವುಗಳ ಚೆಂದದ ಚಿತ್ರ ನೋಡುವಾಗ ಒಂದು ಮಾತು ಮರೆಯಬೇಡಿ: ಅವು ಚಳಿ ದೇಶಗಳು. ಅಲ್ಲಿ ಮನೆಯೊಳಗೆ ಬೆಚ್ಚಗಿರಿಸುವುದೇ ಕಷ್ಟ. ನಮ್ಮ ಕಷ್ಟ ಅದಕ್ಕೆ ಪೂರ್ತಿ ತಿರುಗುಮುರುಗು.

ಶಿವರಾತ್ರಿ ಕಳೆದ ಮೇಲೆ ಮುಂಗಾರು ಮುಟ್ಟುವವರೆಗೆ ನಮ್ಮ ಬಯಲು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಬಿಸಿಲಿಗೆ ಬಿದ್ದ ಗಾಢ ಬಣ್ಣದ ತಗಡು ಮಧ್ಯಾಹ್ನ ಎರಡರ ಹೊತ್ತಿಗೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಉಕ್ಕು ಮಣ್ಣಿಗಿಂತ ಹತ್ತಾರು ಪಟ್ಟು ಬೇಗ ಶಾಖ ದಾಟಿಸುತ್ತದೆ, ಹಾಗಾಗಿ ಹೊರಗಿನ ಕಾವು ನಿಮಿಷಗಳಲ್ಲಿ ಒಳಗೆ. ಬೆಂಗಳೂರಿನ ಕಟ್ಟಡ ಕೆಲಸದ ಜಾಗಗಳಲ್ಲಿ ತಗಡಿನ ಶೆಡ್ಡಿನಲ್ಲಿ ಸಂಸಾರ ಮಾಡಿದವರು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನ ಇದ್ದಾರೆ! ಅವರನ್ನು ಕೇಳಿ. ಬೇಸಿಗೆಯಲ್ಲಿ ಒಳಗೆ ಕೂರಲಾಗದೆ ಮಕ್ಕಳನ್ನು ಎತ್ತಿಕೊಂಡು ಅರೆಕಟ್ಟಿದ ಕಟ್ಟಡದ ನೆರಳಿಗೆ ಓಡುತ್ತಿದ್ದುದನ್ನು ಅವರು ಹೇಳುತ್ತಾರೆ. ಬಣ್ಣ ಬಳಿದು, ಗಾಜಿನ ಬಾಗಿಲು ಇಟ್ಟ ಮಾತ್ರಕ್ಕೆ ತಗಡಿನ ಗುಣ ಬದಲಾಗುವುದಿಲ್ಲ. ಎ.ಸಿ. ಹಾಕುತ್ತೇವೆ ಎನ್ನುವವರಿಗೆ ನನ್ನ ಪ್ರಶ್ನೆ: ಪಂಪ್‌ಸೆಟ್ಟಿಗೆ ತ್ರೀ ಫೇಸ್ ಯಾವಾಗ ಬರುತ್ತದೆಂದು ಕಾಯುವ ಹೊಲದಲ್ಲಿ ಎ.ಸಿ. ನಂಬಿ ಮನೆ ಕಟ್ಟುತ್ತೀರಾ?

ನಮ್ಮ ಅಜ್ಜಂದಿರು ಇದೇ ಬಿಸಿಲಿಗೆ ಮಾಳಿಗೆ ಮನೆಯ ಉತ್ತರ ಕಂಡುಕೊಂಡಿದ್ದರು. ಒಂದೂವರೆ ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ, ಕಂಬ, ತೊಲೆ, ಜಂತಿ, ಅದರ ಮೇಲೆ ಕಡ್ಡಿ ಸೊಪ್ಪಿನ ಹಾಸು, ಅದರ ಮೇಲೆ ಗೇಣುಗಟ್ಟಲೆ ಮಣ್ಣು. ನೀರು ಇಳಿಯದಂತೆ ಮಳೆಗಾಲಕ್ಕೆ ಮುಂಚೆ ಕರಲು ಮಣ್ಣು ಹೊತ್ತು ಹಾಕುವ ಕೆಲಸ ವರ್ಷ ವರ್ಷವೂ ಇರುತ್ತಿತ್ತು. ನಡುಮನೆಗೆ ಬೆಳಕಿಂಡಿ, ಮುಂದೆ ಪಡಸಾಲೆ, ಬೀದಿಗೆ ಕಟ್ಟೆ. ದಪ್ಪ ಮಣ್ಣು ಹಗಲಿನ ಕಾವನ್ನು ಹೀರಿ ಒಳಕ್ಕೆ ದಾಟಿಸಲು ಹತ್ತು ಹನ್ನೆರಡು ತಾಸು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಸೂರ್ಯ ಮುಳುಗಿ ತಂಗಾಳಿ ಬಂದಿರುತ್ತದೆ. ಆ ಮನೆಗಳಲ್ಲಿ ಕತ್ತಲೆ ಇತ್ತು, ಸೋರುತ್ತಿತ್ತು, ಹೆಗ್ಗಣದ ಕಾಟ ಇತ್ತು, ಮಣ್ಣು ಹೊರುವ ದುಡಿಮೆ ಬೆನ್ನು ಮುರಿಯುವಂಥದ್ದು. ಆ ಮನೆಯನ್ನೇ ಮತ್ತೆ ಕಟ್ಟಿ ಎಂದು ನಾನು ಹೇಳುವುದಿಲ್ಲ. ಅದು ಕಲಿಸಿದ ಪಾಠವನ್ನು ಹೊಸ ಮನೆಗೆ ತನ್ನಿ ಎನ್ನುತ್ತೇನೆ: ತಲೆಯ ಮೇಲೆ ಕಾವು ತಡೆಯುವ ಸೂರು, ನಡುವೆ ಗಾಳಿಯಾಡುವ ಜಾಗ, ಮುಂದೆ ಕೂರಲು ನೆರಳು.

ಈ ಪಾಠ ಹೊತ್ತ ಕಂಟೇನರ್ ಮನೆ ಹೇಗಿರಬಹುದು? ನನ್ನ ಸಲಹೆ ಇದು. 20 ಅಡಿಯ ಎರಡು ಹೈ ಕ್ಯೂಬ್ ಕಂಟೇನರ್ ತನ್ನಿ. ಅವನ್ನು ಒತ್ತಿ ಜೋಡಿಸಬೇಡಿ. ಉದ್ದ ಗೋಡೆಗಳು ತೆಂಕಣ ಬಡಗಣ ದಿಕ್ಕಿಗೆ ಇರುವಂತೆ, ನಡುವೆ 14 ಅಡಿ ಜಾಗ ಬಿಟ್ಟು ಎದುರು ಬದುರು ಇಳಿಸಿ. ಎರಡರ ಮೇಲೂ, ನಡುವಿನ ಜಾಗದ ಮೇಲೂ ಸೇರಿ ಒಂದೇ ದೊಡ್ಡ ಸೂರು ಕಟ್ಟಿ. ಸುತ್ತ ಮೂರು ಮೂರು ಅಡಿ ಚಾಚಿರಲಿ. ಆ ಸೂರಿಗೂ ಕಂಟೇನರ್ ತಗಡಿಗೂ ನಡುವೆ ಕಡಿಮೆ ಎಂದರೆ ಎರಡು ಅಡಿ ಸಂದು ಇರಲಿ, ಅಲ್ಲಿ ಗಾಳಿ ಹರಿದಾಡಬೇಕು. ಮೇಲೆ ಬಿಳಿ ಬಣ್ಣದ ಶೀಟು ಸಾಕು. ಮಲಗುವ ಕೋಣೆ, ಪೆಟ್ಟಿಗೆ ಪಠಾರಿ, ಕಾಳು ಕಡಿ ಕಂಟೇನರ್ ಒಳಗೆ. ಊಟ, ಮಾತು, ಮಕ್ಕಳ ಓದು, ಬಂದವರಿಗೆ ಚಾಪೆ, ಎಲ್ಲವೂ ನಡುವಿನ ಪಡಸಾಲೆಯಲ್ಲಿ. ಕಂಟೇನರ್‌ಗಳ ಪಡುವಣದ ಗಿಡ್ಡ ಗೋಡೆಗೆ ಕಿಟಕಿ ಬೇಡ, ಆ ಕಡೆ ಬೇವೋ ಹೊಂಗೆಯೋ ಇಂದೇ ನೆಡಿ.

ನಡುವೆ ಜಾಗ ಬಿಡುವುದು ದುಂದು ಎನ್ನುವವರಿಗೆ ಜಪಾನಿನ ಒನಗಾವಾ ಊರನ್ನು ತೋರಿಸುತ್ತೇನೆ. 2011ರ ಸುನಾಮಿಯಲ್ಲಿ ಮನೆ ಕಳೆದುಕೊಂಡವರಿಗೆ ವಾಸ್ತುಶಿಲ್ಪಿ ಶಿಗೆರು ಬಾನ್ ಅಲ್ಲಿ 20 ಅಡಿಯ ಕಂಟೇನರ್‌ಗಳಿಂದ ಮೂರು ಅಂತಸ್ತಿನವರೆಗೆ ತಾತ್ಕಾಲಿಕ ಮನೆಗಳನ್ನು ಕಟ್ಟಿದರು. ಚದುರಂಗದ ಹಾಸಿನಲ್ಲಿ ಒಂದು ಮನೆ ಬಿಟ್ಟು ಒಂದು ಮನೆ ಕಪ್ಪಿರುವಂತೆ ಕಂಟೇನರ್‌ಗಳನ್ನು ಪೇರಿಸಿ, ನಡುವಿನ ಖಾಲಿ ಜಾಗವನ್ನು ಬೆಳಕು ತುಂಬಿದ ಪಡಸಾಲೆಯಾಗಿಸಿದರು. ಕಂಟೇನರ್ ಮನೆಯ ಗುಟ್ಟು ಕಂಟೇನರ್ ನಡುವಿನ ಜಾಗದಲ್ಲಿದೆ ಎಂದು ಲೋಕಕ್ಕೆ ಹೇಳಿದ ಕೆಲಸ ಅದು.

ಒಳಗಿನ ಅಗಲವನ್ನೂ ಲೆಕ್ಕ ಹಾಕಿ. ಹೊರಗೆ 8 ಅಡಿ ಇದ್ದರೂ ಒಳಗೆ ಸಿಗುವುದು ಏಳೂಮುಕ್ಕಾಲು ಅಡಿಗೂ ಕಡಿಮೆ. ಕಾವು ತಡೆಯಲು ಎರಡೂ ಬದಿ ಎರಡು ಮೂರು ಇಂಚಿನ ಹೊದಿಕೆ ಹಾಕಿದರೆ ಏಳು ಅಡಿ ಚಿಲ್ಲರೆ ಉಳಿಯುತ್ತದೆ. ಐದು ಅಡಿ ಅಗಲದ ಮಂಚ ಹಾಕಿದ ಮೇಲೆ ಓಡಾಡಲು ಎರಡೇ ಅಡಿ. ಹಬ್ಬಕ್ಕೆ ಅಕ್ಕ ಭಾವ, ಮಕ್ಕಳು ಬಂದರೆ ಎಲ್ಲಿ ಮಲಗುತ್ತಾರೆ? ಒಬ್ಬಂಟಿ ನೌಕರನಿಗೆ ಒಪ್ಪುವ ಕೋಣೆ ನಮ್ಮ ಮನೆತನಗಳಿಗೆ ಒಪ್ಪುವುದಿಲ್ಲ. ಅದಕ್ಕೇ ನಡುವಿನ ಪಡಸಾಲೆಯನ್ನು ಯಾವ ಕಾರಣಕ್ಕೂ ಕೈಬಿಡಬೇಡಿ ಎನ್ನುವುದು.

ಅಡುಗೆ ಮನೆಯ ವಿಷಯದಲ್ಲಿ ನನ್ನದು ಕಡ್ಡಿ ಮುರಿದಂಥ ಮಾತು: ಅದನ್ನು ಕಂಟೇನರ್ ಒಳಗೆ ಇಡಬೇಡಿ. ರೊಟ್ಟಿ ಬಡಿಯುವ, ಮುದ್ದೆ ತಿರುವುವ ಅಮ್ಮಂದಿರ, ನಿಮ್ಮ ಹೆಂಡಂದಿರ ಎದುರು ಬೆಂಕಿ, ತಲೆಯ ಮೇಲೆ ತಗಡು ಇರಕೂಡದು. ಮಾಗಿಯ ರಾತ್ರಿಗಳಲ್ಲಿ ಅಡುಗೆಯ ಹಬೆ ತಣ್ಣನೆ ತಗಡಿಗೆ ತಗುಲಿ ನೀರಾಗಿ ಇಳಿಯುತ್ತದೆ, ತುಕ್ಕು ಹಿಡಿಯುವುದು ಅಲ್ಲಿಂದಲೇ. ಪಡಸಾಲೆಯ ಒಂದು ತುದಿಯಲ್ಲಿ, ಅದೇ ಸೂರಿನ ಕೆಳಗೆ ಇಟ್ಟಿಗೆಯಲ್ಲಿ ಅಡುಗೆ ಮನೆ ಕಟ್ಟಿ, ಹೊಗೆ ಹೋಗಲು ದಾರಿ ಇರಲಿ. ಬಚ್ಚಲು, ಶೌಚಾಲಯವನ್ನೂ ಇಟ್ಟಿಗೆಯಲ್ಲೇ ಕಟ್ಟಿ.

ಇನ್ನು ನೀರು. ನಮ್ಮ ತಾಲೂಕಿನಲ್ಲಿ ವರ್ಷದ ಸರಾಸರಿ ಮಳೆ ಸುಮಾರು 500ರಿಂದ 600 ಮಿಲಿಮೀಟರ್. ಕೊಳವೆಬಾವಿ ಎಷ್ಟು ಆಳಕ್ಕೆ ಹೋದರೂ ಮೇಲೆ ಬರುವ ನೀರಿನಲ್ಲಿ ಹಲವು ಕಡೆ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಅದು ಕುಡಿಯಲು ತಕ್ಕುದಲ್ಲ. ಮಕ್ಕಳ ಹಲ್ಲು ಕಂದುಗಟ್ಟುವುದು, ದೊಡ್ಡವರ ಕೀಲು ಬಿಗಿಯುವುದು ಅದರಿಂದಲೇ. ಮಳೆ ನೀರಿನಲ್ಲಿ ಆ ಕಾಟ ಇಲ್ಲ. ನಾನು ಹೇಳಿದ ಸೂರಿನ ಅಳತೆ ಹಿಡಿಯಿರಿ: 36 ಅಡಿ ಅಗಲ, 26 ಅಡಿ ಉದ್ದ, ಅಂದರೆ ಸುಮಾರು 87 ಚದರ ಮೀಟರ್. 500 ಮಿಲಿಮೀಟರ್ ಮಳೆ ಬಿದ್ದು, ಐದರಲ್ಲಿ ಒಂದು ಪಾಲು ಪೋಲಾದರೂ ಸುಮಾರು 35,000 ಲೀಟರ್ ಸಿಗುತ್ತದೆ. ಐದು ಜನರ ಮನೆಯಲ್ಲಿ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಹಿಡಿದರೆ ವರ್ಷಕ್ಕೆ ಬೇಕಾದ್ದು 14,600 ಲೀಟರ್. ಮಳೆ ಅರ್ಧಕ್ಕೆ ಇಳಿದ ಬರಗಾಲದಲ್ಲೂ ಈ ಸೂರು ನಿಮ್ಮ ಗಂಟಲು ಒಣಗಲು ಬಿಡುವುದಿಲ್ಲ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಮರಳು ಇದ್ದಿಲಿನ ಸೋಸುವ ತೊಟ್ಟಿ ಮಾಡಿ, ಬೆಳಕು ಬೀಳದಂತೆ ಮುಚ್ಚಿದ 15,000 ಲೀಟರಿನ ತೊಟ್ಟಿ ಕಟ್ಟಿದರೆ ಆಯಿತು. ನೀರನ್ನು ಆಗಾಗ ಪರೀಕ್ಷೆ ಮಾಡಿಸಿ. ಬೆಂಗಳೂರಿನ ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರು 1995ರಿಂದ ಜಲಮಂಡಳಿಯ ನಲ್ಲಿಯೇ ಇಲ್ಲದೆ, ಮಳೆ ನೀರಿನಲ್ಲೇ ಸಂಸಾರ ಸಾಗಿಸಿ ತೋರಿಸಿದ್ದಾರೆ. ಕಂಟೇನರ್‌ನ ಮುಚ್ಚಳ ಒಂದೇ ಇದ್ದರೆ ಇಷ್ಟು ನೀರು ಸಿಗದು. ಆದ್ದರಿಂದ ದೊಡ್ಡ ಸೂರಿಗೆ ಹಾಕಿದ ದುಡ್ಡನ್ನು ನೆರಳಿನ ಖರ್ಚು ಎಂದಷ್ಟೇ ನೋಡಬೇಡಿ.

ನೆಲದ ಮಾತಿಗೆ ಬರೋಣ. ಮಸಾರಿ ಹೊಲವಾದರೆ ಚಿಂತೆ ಕಡಿಮೆ. ಎರೆ ಹೊಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ನಾಲ್ಕು ಕಲ್ಲು ಇಟ್ಟು ಕಂಟೇನರ್ ಕೂರಿಸಿದರೆ ಎರಡು ವರ್ಷದಲ್ಲಿ ಮೂಲೆ ಇಳಿದು ಬಾಗಿಲು ಹಾಕಲು ಬಾರದು. ಎರೆ ತೆಗೆದು ಗಟ್ಟಿ ನೆಲ ಸಿಗುವವರೆಗೆ ಅಗೆದು, ಪ್ರತಿ ಮೂಲೆಗೂ ಕಾಂಕ್ರೀಟ್ ಕಂಬ ಎಬ್ಬಿಸಿ. ನೆಲದಿಂದ ಒಂದೂವರೆ ಎರಡು ಅಡಿ ಎತ್ತರಕ್ಕೆ ಇರಿಸಿ, ಕೆಳಗಿನ ಸಂದಿಗೆ ಹಾವು ಚೇಳು ಸೇರದಂತೆ ಜಾಲರಿ ಕಟ್ಟಿ. ನಮ್ಮ ಗುಡ್ಡಗಳ ಮೇಲೆ ಗಾಳಿ ಗಿರಣಿ ನೆಟ್ಟವರು ಇಲ್ಲಿನ ಗಾಳಿ ನೋಡಿಯೇ ನೆಟ್ಟಿದ್ದಾರೆ. ಮುಂಗಾರು ಪೂರ್ವದ ಬಿರುಗಾಳಿಗೆ ಶೀಟು ಹಾರಿ ಪಕ್ಕದ ಹೊಲಕ್ಕೆ ಬೀಳುವುದನ್ನು ನಾವೆಲ್ಲ ಕಂಡಿದ್ದೇವೆ. ಸೂರಿನ ಕಂಬಗಳು ತಮ್ಮದೇ ತಳಪಾಯದಲ್ಲಿ ನಿಲ್ಲಬೇಕು, ಕಂಟೇನರ್ ಮೂಲೆಗಳನ್ನೂ ಕಾಂಕ್ರೀಟಿಗೆ ಬಿಗಿಯಬೇಕು. ಕರೆಂಟಿನ ವಿಷಯದಲ್ಲಿ ಸ್ವಲ್ಪವೂ ಉದಾಸೀನ ಬೇಡ: ಇಡೀ ಮನೆ ಕಬ್ಬಿಣ. ಸರಿಯಾದ ಅರ್ಥಿಂಗ್, ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಬ್ರೇಕರ್ ಇಲ್ಲದೆ ಒಂದು ಬಲ್ಬೂ ಉರಿಸಬೇಡಿ.

ಕೊಳ್ಳುವಾಗ ನೋಡಬೇಕಾದ್ದು ಕೆಲವು. ಕಂಟೇನರ್ ಮನೆ ಎಂದು ಮಾರುವವುಗಳಲ್ಲಿ ಎಷ್ಟೋ ಹಡಗು ಕಂಡವೇ ಅಲ್ಲ. ಕಬ್ಬಿಣದ ಚೌಕಟ್ಟಿಗೆ ತೆಳು ತಗಡು ಹೊಡೆದ ಕ್ಯಾಬಿನ್‌ಗಳು. ಅವೂ ಬಳಕೆಗೆ ಬರುತ್ತವೆ, ಆದರೆ ಬೆಲೆ ಕಟ್ಟುವಾಗ ಯಾವುದನ್ನು ಕೊಳ್ಳುತ್ತಿದ್ದೇವೆಂದು ಗೊತ್ತಿರಬೇಕು. ನಿಜವಾದ ಕಂಟೇನರ್‌ನ ಬಾಗಿಲಿನ ಮೇಲೆ ಸಿ.ಎಸ್.ಸಿ. ಎಂಬ ಲೋಹದ ಫಲಕ ಇರುತ್ತದೆ, ಅದರಲ್ಲಿ ತಯಾರಾದ ತಿಂಗಳು, ವರ್ಷ, ಹೊರಬಲ್ಲ ತೂಕ ಕೊರೆದಿರುತ್ತದೆ. ಒಳಗೆ ಹೋಗಿ ಬಾಗಿಲು ಮುಚ್ಚಿಸಿಕೊಂಡು ನಿಲ್ಲಿ, ಎಲ್ಲಿಂದ ಬೆಳಕು ತೂರಿ ಬರುತ್ತದೋ ಅಲ್ಲಿಂದ ಮಳೆಯೂ ಬರುತ್ತದೆ. ನೆಲದ ಪ್ಲೈವುಡ್‌ಗೆ ಹುಳ ಹಿಡಿಯದಂತೆ ವಿಷದ ಔಷಧಿ ಕುಡಿಸಿರುತ್ತಾರೆ. ಕೂಸುಗಳು ಅಂಬೆಗಾಲಿಡುವ ಮನೆಯಾದರೆ ಅದನ್ನು ಕಿತ್ತು ಬೇರೆ ಹಾಸಿ. ಟ್ರೇಲರ್ ಬರುವ ದಾರಿಯನ್ನೂ ಮೊದಲೇ ನಡೆದು ನೋಡಿ. ಬಂಡಿ ಜಾಡಿನ ತಿರುವು, ಜೋತ ಕರೆಂಟ್ ತಂತಿ, ಕ್ರೇನ್ ನಿಲ್ಲುವ ಜಾಗ ಇವು ಕೈಕೊಟ್ಟರೆ ವಾರದ ಕೆಲಸ ತಿಂಗಳಾಗುತ್ತದೆ.

ಗಾಲಿ ಇಲ್ಲ, ತಳಪಾಯ ಇಲ್ಲ, ಆದ್ದರಿಂದ ಅನುಮತಿಯೂ ಬೇಡ ಎಂದು ಮಾರುವವರು ಹೇಳಬಹುದು. ನಂಬಬೇಡಿ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 95ನೇ ಕಲಮು ರೈತನಿಗೆ ತನ್ನ ಹೊಲದಲ್ಲಿ ಬೇಸಾಯಕ್ಕೆ ಬೇಕಾದ ಕಟ್ಟಡಕ್ಕೆ ಅವಕಾಶ ಕೊಡುತ್ತದೆ. ಹೋಂಸ್ಟೇ, ಹೋಟೆಲು ಎಂದು ಹೊರಟರೆ ಭೂ ಪರಿವರ್ತನೆ ಆಗಬೇಕು. ಗ್ರಾಮ ಪಂಚಾಯಿತಿಯ ಪಿ.ಡಿ.ಒ. ಅವರನ್ನು ಮುಂಗಡ ಕೊಡುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯದ ಅಂಚಿನ ಹೊಲವಾದರೆ ಅರಣ್ಯ ಇಲಾಖೆಯನ್ನೂ ವಿಚಾರಿಸಿ.

ಕಂಟೇನರ್ ನೇರವಾಗಿ ಒಪ್ಪುವ ಕಡೆಗಳೂ ಇವೆ. ಡ್ರಿಪ್ ಪೈಪು, ಮೋಟರು, ಗೊಬ್ಬರ ಕಳ್ಳರ ಕೈಗೆ ಸಿಗದಂತೆ ಇಡಲು ಅದು ಗಟ್ಟಿ. ಗುತ್ತಿಗೆ ಜಾಗದಲ್ಲಿ ಅಂಗಡಿ ಇಡುವವರಿಗೆ, ನಾಳೆ ಎತ್ತಿಕೊಂಡು ಹೋಗುವ ಅನುಕೂಲ ಬೇರೆ ಯಾವುದರಲ್ಲೂ ಇಲ್ಲ. ಈರುಳ್ಳಿ ಮಾತ್ರ ತುಂಬಬೇಡಿ. ಅದಕ್ಕೆ ಅಡಿಯಿಂದಲೂ ಬದಿಯಿಂದಲೂ ಗಾಳಿ ಬೇಕು, ಮುಚ್ಚಿದ ಪೆಟ್ಟಿಗೆಯಲ್ಲಿ ಕೊಳೆತು ನೀರಾಗುತ್ತದೆ.

"ಹಳೆಯದನ್ನು ಮತ್ತೆ ಬಳಸುತ್ತೇವೆ, ಪರಿಸರಕ್ಕೆ ಒಳ್ಳೆಯದು" ಎಂಬ ಮಾತಿನಲ್ಲಿ ಸತ್ಯ ಇದೆ, ಅದು ಕಂಟೇನರ್ ನಿಜಕ್ಕೂ ಹಡಗಿನ ಆಯುಸ್ಸು ಮುಗಿಸಿದ್ದಾಗಿದ್ದರೆ. ಒಂದೇ ಸಲ ಸಮುದ್ರ ದಾಟಿದ ಹೊಸದನ್ನು ತಂದರೆ, ಸಣ್ಣ ಮನೆಯೊಂದಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಉಕ್ಕನ್ನು ಹೊಲದಲ್ಲಿ ನಿಲ್ಲಿಸಿದಂತೆ.

ಈಗ ನಾನು ಕೊಟ್ಟ ಮಾತಿಗೆ ಬರುತ್ತೇನೆ. ದೊಡ್ಡ ಸೂರಿಗೆ ದುಡ್ಡು ಸಾಲದವರು ಮಣ್ಣಿನ ಬ್ಲಾಕಿನ ಮನೆ ಕಟ್ಟಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಕಟ್ಟಿದ್ದೇ ಹಳ್ಳಿಗಳಿಗೆ ಒದಗುವ ವಿಜ್ಞಾನಕ್ಕಾಗಿ. ಅಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಕೆಂಪು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಲ್ಲಿ ಒತ್ತುವ ಯಂತ್ರದಿಂದ ಬ್ಲಾಕು ಮಾಡುವ ಕ್ರಮವನ್ನು ಪಳಗಿಸಿದರು. ಆ ಬ್ಲಾಕನ್ನು ಸುಡಬೇಕಿಲ್ಲ, ನೀರು ಹಾಕಿ ಹದಗೊಳಿಸಿದರೆ ಸಾಕು. ನಮ್ಮ ಮಸಾರಿ ಮಣ್ಣು ಇದಕ್ಕೆ ಒದಗುವಂಥದ್ದು, ನಮ್ಮ ಗಾರೆ ಕೆಲಸದವರು ನಾಲ್ಕು ದಿನದಲ್ಲಿ ಕಲಿಯಬಲ್ಲರು. ಕಂಟೇನರ್‌ಗೆ ಕೊಟ್ಟ ದುಡ್ಡು ಊರು ದಾಟಿ ಹೋಗುತ್ತದೆ. ಬ್ಲಾಕಿಗೆ ಕೊಟ್ಟ ಕೂಲಿ ನಮ್ಮ ಹೋಬಳಿಯ ಮನೆಗಳಿಗೇ ಹೋಗುತ್ತದೆ.

ಕೊನೆಗೆ ಮೂರು ಬೇಡಿಕೆ. ಮೊದಲನೆಯದು ನಿಮಗೆ: ಮುಂಗಡ ಕೊಡುವ ಮೊದಲು, ಬೇರೆಯವರು ಈಗಾಗಲೇ ಇಳಿಸಿರುವ ಕಂಟೇನರ್ ಮನೆಯೊಂದರಲ್ಲಿ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಫ್ಯಾನು ಎ.ಸಿ. ಬಂದ್ ಮಾಡಿ ಕೂತು ಬನ್ನಿ. ಜೊತೆಗೆ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ, ಆ ಮನೆಯಲ್ಲಿ ಹೆಚ್ಚು ಹೊತ್ತು ಇರುವವರು ಅವರೇ. ಎರಡನೆಯದು ದಾವಣಗೆರೆಯ ಯುಬಿಡಿಟಿ ಮತ್ತು ಬಿಐಇಟಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ನಮ್ಮ ಮಕ್ಕಳಿಗೆ: ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮ ಹೋಬಳಿಯನ್ನೇ ಆರಿಸಿಕೊಳ್ಳಿ. ಬರಿಯ ಕಂಟೇನರ್, ಸೂರು ಹೊತ್ತ ಕಂಟೇನರ್, ಮಣ್ಣಿನ ಬ್ಲಾಕಿನ ಕೋಣೆ, ಹಳೆಯ ಮಾಳಿಗೆ ಮನೆ ಈ ನಾಲ್ಕರಲ್ಲೂ ಒಂದು ವರ್ಷ ಪೂರ್ತಿ ಉಷ್ಣತೆ ಅಳೆದು, ಅಂಕಿಗಳನ್ನು ಜನರ ಮುಂದಿಡಿ. ಮೂರನೆಯದು ಪಂಚಾಯಿತಿಯ ಸದಸ್ಯರಿಗೆ: ಆ ಅಂಕಿಗಳನ್ನು ಗ್ರಾಮಸಭೆಯಲ್ಲಿ ಓದಿಸಿ. ಹೊಲದ ಮನೆಗೆ ಅನುಮತಿ ಕೇಳಿ ಬಂದ ಪ್ರತಿಯೊಬ್ಬರಿಗೂ ಮಳೆ ನೀರಿನ ತೊಟ್ಟಿಯ ನಕ್ಷೆಯನ್ನು ಕೈಗಿಡಿ.

ನೀವು ಮರಳಿ ಬರುವುದು ಒಂದು ಬೇಸಿಗೆಯ ಮಟ್ಟಿಗೆ ಆಗಬಾರದು. ನಿಮ್ಮ ಮಕ್ಕಳೂ ಈ ಹೊಲದಲ್ಲಿ ಬೆಳೆಯಬೇಕು, ಇಲ್ಲಿನ ನೀರು ಕುಡಿದು ಗಟ್ಟಿಮುಟ್ಟಾಗಿರಬೇಕು. ಅದಕ್ಕೆ ತಕ್ಕ ಮನೆ ಕಟ್ಟಿ. ನಕ್ಷೆ ನೋಡಲು, ತಳಪಾಯದ ಗುರುತು ಹಾಕಲು ನನ್ನನ್ನು ಯಾವಾಗ ಕರೆದರೂ ಬರುತ್ತೇನೆ.

ನಿಮ್ಮ ಏಳಿಗೆ ಬಯಸುವ,
ಇದೇ ಹೋಬಳಿಯ ಒಬ್ಬ ಸಿವಿಲ್ ಎಂಜಿನಿಯರ್